ಪೇಂಟರ್ ಪಂಪಾಪತಿಯ ಹನ್ನೆರಡು ಪದಗಳು

2024ರ ಜೂನ್ ತಿಂಗಳು. ಬಳ್ಳಾರಿಯ ಪಾಲಿಟೆಕ್ನಿಕ್ ಒಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಪ್ಯೂಟರ್ ಸೈನ್ಸ್ ಕಲಿಸಿ ನಿವೃತ್ತಳಾಗಿ ನನಗೆ ಎರಡು ವರ್ಷವಾಗಿತ್ತು. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಟೇಬಲ್ ಹಾಕಿಕೊಂಡು ಡೇಟಾ ರಿಕವರಿ ಕೆಲಸ ಶುರು ಮಾಡಿದ್ದೆ. ಕೆಟ್ಟ ಹಾರ್ಡ್ ಡಿಸ್ಕ್, ಒಡೆದ ಫೋನು, ಮರೆತ ಪಾಸ್‌ವರ್ಡ್, ಇಂಥವುಗಳಿಂದ ಜನರ ಫೋಟೊ, ದಾಖಲೆಗಳನ್ನು ಹೊರತೆಗೆದು ಕೊಡುವ ಕೆಲಸ. ಹತ್ತರಲ್ಲಿ ಆರು ಪ್ರಕರಣಗಳಲ್ಲಿ ಏನಾದರೂ ಸಿಗುತ್ತಿತ್ತು, ಉಳಿದ ನಾಲ್ಕರಲ್ಲಿ ಕೈಚೆಲ್ಲಬೇಕಾಗುತ್ತಿತ್ತು. ಇಲ್ಲಿ ಹೇಳಹೊರಟಿರುವುದು ಮೊದಲ ದಿನವೇ ನಾನು ಕೈಚೆಲ್ಲಿದ್ದ ಪ್ರಕರಣ.

ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನ ಹುಡುಗಿಯೊಬ್ಬಳು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು. ಹೆಸರು ಶಿಲ್ಪಾ, ಬಾದನಹಟ್ಟಿಯವಳು, ಅಲ್ಲೇ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಡಬ್ಬಿಯ ತುಂಬ ಅಕ್ಕಿ, ಅಕ್ಕಿಯೊಳಗೆ ಅವಳ ಫೋನು. ನೀರಿನ ಸಂಪಿಗೆ ಬಿದ್ದು ಒಂದಿಡೀ ದಿನ ತಳದಲ್ಲಿತ್ತಂತೆ.

"ಮೇಡಂ, ಫೋನ್ ಹೋದ್ರ ಹೋಗ್ಲಿ ಬಿಡ್ರಿ. ಒಳಗ ನಮ್ ಮಾಮನ ಅಕ್ಷರ ಅದಾವು" ಎಂದಳು.

ಮಾಮ ಎಂದರೆ ಅವಳ ತಾಯಿಯ ಅಣ್ಣ, ಕುರುಗೋಡಿನ ಪೇಂಟರ್ ಪಂಪಾಪತಿ. ಫ್ಲೆಕ್ಸ್ ಬರುವ ಮುಂಚೆ ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಅರ್ಧಕ್ಕರ್ಧ ಅಂಗಡಿಗಳ ಬೋರ್ಡು, ಅಕ್ಕಿ ಗಿರಣಿಗಳ ಗೋಡೆ, ಲಾರಿಗಳ ಹಿಂಬದಿ ಅವರ ಕೈಬರಹದ್ದೇ. ನಾನೂ ಅವುಗಳನ್ನು ನೋಡುತ್ತಲೇ ಬೆಳೆದವಳು, ಬರೆದವರ ಹೆಸರು ಮಾತ್ರ ಗೊತ್ತಿರಲಿಲ್ಲ. ಅವರು ಎಲ್ಲಿಯೂ ಹೆಸರು ಹಾಕುತ್ತಿರಲಿಲ್ಲ. 2022ರ ಮಾರ್ಚಿನಲ್ಲಿ ಶಿಲ್ಪಾ ಅವರ ಕೈಯಲ್ಲಿ ಇಡೀ ವರ್ಣಮಾಲೆ ಬರೆಸಿ, ಒಂದೊಂದು ಅಕ್ಷರವನ್ನೂ ಸ್ಕ್ಯಾನ್ ಮಾಡಿ, ನಲವತ್ತೊಂಬತ್ತು ಎನ್‌ಎಫ್‌ಟಿ ಮಾಡಿದ್ದಳು. ಅದಾದ ವಾರದಲ್ಲೇ ಪಂಪಾಪತಿಯವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು.

ಎನ್‌ಎಫ್‌ಟಿ ಎಂದರೆ ನಾನ್-ಫಂಜಿಬಲ್ ಟೋಕನ್. ಒಂದು ಸೇರು ಸೋನಾ ಮಸೂರಿ ಸಾಲ ತಂದವರು ಇನ್ನೊಂದು ಸೇರು ಸೋನಾ ಮಸೂರಿ ಹಿಂದಿರುಗಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಅಂಥ ವಸ್ತು ಫಂಜಿಬಲ್. ಆದರೆ ನಿಮ್ಮ ಮದುವೆಯ ಫೋಟೊ ತೆಗೆದುಕೊಂಡು ಹೋದವರು ತಮ್ಮ ಮದುವೆಯ ಫೋಟೊ ತಂದುಕೊಟ್ಟರೆ ನೀವು ಒಪ್ಪುವುದಿಲ್ಲ. ಅದು ನಾನ್-ಫಂಜಿಬಲ್, ಅದಕ್ಕೆ ಬದಲಿ ಇಲ್ಲ. ಬ್ಲಾಕ್‌ಚೈನ್ ಎಂಬುದು ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ, ಬರೆದದ್ದನ್ನು ಅಳಿಸಲು ಬಾರದ ದಾಖಲೆ ಪುಸ್ತಕ. ಟೋಕನ್ ಎಂದರೆ ಆ ಪುಸ್ತಕದ ಒಂದು ನಮೂದು: ಇಂಥ ಚಿತ್ರಕ್ಕೆ ಸಂಬಂಧಿಸಿದ ಟೋಕನ್ನು ಇಂಥ ದಿನ ಇಂಥ ವಿಳಾಸದಿಂದ ಹುಟ್ಟಿತು, ಈಗ ಇಂಥ ವಿಳಾಸದಲ್ಲಿದೆ. ಅಷ್ಟೇ. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ನಕಲು ಮಾಡಿಕೊಳ್ಳಲೂಬಹುದು. ಆ ವಿಳಾಸದ ಪರವಾಗಿ ಸಹಿ ಹಾಕುವ ಶಕ್ತಿ ಮಾತ್ರ ಅದರ ಕೀಲಿ ಇದ್ದವರದು. ಕೀಲಿ ಇರುವ ಆ್ಯಪ್‌ಗೆ ವ್ಯಾಲೆಟ್ ಎನ್ನುತ್ತಾರೆ. ಶಿಲ್ಪಾಳ ವ್ಯಾಲೆಟ್ ಇದ್ದದ್ದು ಅಕ್ಕಿ ಡಬ್ಬಿಯೊಳಗಿನ ಫೋನಿನಲ್ಲಿ.

"ಅದೀಗ ಯಾಕಷ್ಟು ಅವಸರ?" ಎಂದು ಕೇಳಿದೆ.

ಅವಸರವಿತ್ತು. ಕನ್ನಡ ಫಾಂಟುಗಳನ್ನು ತಯಾರಿಸುವ ಚಿಕ್ಕ ತಂಡವೊಂದು ಈ ಅಕ್ಷರಗಳನ್ನು ಅಂತರ್ಜಾಲದಲ್ಲಿ ನೋಡಿ, ಪಂಪಾಪತಿಯವರ ಹೆಸರಿನಲ್ಲೇ ಒಂದು ಫಾಂಟ್ ಮಾಡಲು ಅನುಮತಿ ಕೇಳಿತ್ತು. ಅಷ್ಟರಲ್ಲಿ ಅವೇ ಚಿತ್ರಗಳನ್ನು ನಕಲು ಮಾಡಿ ಬೇರೆ ಹೆಸರಿನಲ್ಲಿ ಟೋಕನ್ ಮಾಡಿದ್ದ ಯಾರೋ ಒಬ್ಬ "ಇವು ನನ್ನ ಅಕ್ಷರಗಳು" ಎಂದು ಅದೇ ತಂಡಕ್ಕೆ ಪತ್ರ ಬರೆದಿದ್ದ. ಪಂಪಾಪತಿಯವರು ಬರೆದ ಮೂಲ ಹಾಳೆಗಳು ಆಸ್ಪತ್ರೆಯ ಓಡಾಟದ ತಿಂಗಳುಗಳಲ್ಲಿ ಮಳೆನೀರಿಗೆ ಸಿಕ್ಕಿ ಮುದ್ದೆಯಾಗಿದ್ದವು. ತಂಡದವರು ಎರಡೂ ಕಡೆಗೆ ಒಂದೇ ಉತ್ತರ ಕೊಟ್ಟಿದ್ದರು: ಮೊದಲು ಹುಟ್ಟಿದ ಟೋಕನ್ನುಗಳ ವಿಳಾಸದಿಂದ ನಾವು ಕೊಡುವ ವಾಕ್ಯಕ್ಕೆ ಡಿಜಿಟಲ್ ಸಹಿ ಹಾಕಿ ಕಳಿಸಿ. ಹತ್ತು ದಿನದೊಳಗೆ ಯಾರಿಂದಲೂ ಆಗದಿದ್ದರೆ ಕೆಲಸ ಕೈಬಿಡುತ್ತೇವೆ. ಆ ಹತ್ತರಲ್ಲಿ ಮೂರು ದಿನ ಕಳೆದಿದ್ದವು.

ಫೋನನ್ನು ಬಿಚ್ಚಿ ನೋಡಿದೆ. ಬೋರ್ಡಿನ ಮೇಲೆ ಹಸಿರು ಕಿಲುಬು. ಈಗಿನ ಫೋನುಗಳಲ್ಲಿ ಮೆಮೊರಿ ಚಿಪ್ಪನ್ನು ಬೇರೆ ಮಾಡಿ ಓದಿದರೂ ಒಳಗಿರುವುದೆಲ್ಲ ಗೂಢಲಿಪಿಯಲ್ಲಿ ಇರುತ್ತದೆ. ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ, ಅಭ್ಯಾಸಬಲದಿಂದ, ರಿಕವರಿ ಪದಗಳ ಬಗ್ಗೆ ವಿಚಾರಿಸಿದೆ. ವ್ಯಾಲೆಟ್ ಮಾಡುವಾಗ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. 2,048 ಪದಗಳ ನಿಗದಿತ ಪಟ್ಟಿಯಿಂದ ಆರಿಸಿದ ಪದಗಳು. ಅವು ಅದೇ ಕ್ರಮದಲ್ಲಿ ಇದ್ದರೆ ಯಾವ ಫೋನಿನಲ್ಲಾದರೂ ಅದೇ ವ್ಯಾಲೆಟ್ ಮತ್ತೆ ತೆರೆಯುತ್ತದೆ.

ಶಿಲ್ಪಾಳ ಮುಖ ಸಣ್ಣದಾಯಿತು. ಅವಳು ಅವುಗಳ ಫೋಟೊ ತೆಗೆದು ಅದೇ ಫೋನಿನಲ್ಲಿ ಇಟ್ಟಿದ್ದಳು. "ಇನ್ನೊಂದು ಕಡಿ ಕೈಲೆ ಬರ್ದು ಇಡ್ಬೇಕಂತ ಓದಿದ್ದೆ ಮೇಡಂ. ಅದಕ್ಕ ಅವತ್ತೇ ಮಾಮಗ ಫೋನ್ ಮಾಡಿ ಒಂದೊಂದೇ ಪದ ಹೇಳಿ ಬರಸೀನಿ. ಎಲ್ಲಿ ಬರ್ದನೋ ಗೊತ್ತಿಲ್ಲ. ಕೇಳಾಮಂದ್ರ ಮಾಮಗ ಮಾತಿಲ್ಲ."

ಮರುದಿನ ಇಬ್ಬರೂ ನನ್ನ ಕಾರಿನಲ್ಲಿ ಕುರುಗೋಡಿಗೆ ಹೋದೆವು. ಬಂಡೆಗಲ್ಲಿನ ಬೆಟ್ಟದ ಬುಡದ ಓಣಿಯಲ್ಲಿ ಅವರ ಮನೆ. ಪಂಪಾಪತಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಅರವತ್ತೆರಡು ವಯಸ್ಸು, ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅಂಗಿ. ನಾವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಬಾಯಿಂದ ಮಾತ್ರ ನಾಲ್ಕೈದು ಪದಗಳಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ, ಎಡಗೈಯಲ್ಲಿ ಬರೆಯಲೂ ಆಗುತ್ತಿರಲಿಲ್ಲ. ಅವರ ಹೆಂಡತಿ ಹುಲಿಗೆಮ್ಮ ನಮಗೆ ಚಹಾ ಕೊಟ್ಟು ಗಂಡನ ಪಕ್ಕ ಕೂತರು.

ಶಿಲ್ಪಾ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಕೇಳಿದಳು. "ಮಾಮ, ಅವತ್ತು ಫೋನಿನ್ಯಾಗ ಹನ್ನೆರಡು ಇಂಗ್ಲಿಷ್ ಪದ ಹೇಳಿದ್ನೆಲ್ಲ, ಎಲ್ಲಿ ಬರ್ದಿ?"

ಅವರ ಕಣ್ಣು ಅರಳಿದವು. ತುಟಿ ಬಹಳ ಹೊತ್ತು ಒದ್ದಾಡಿ, ಕೊನೆಗೆ "ಹಿಂದ" ಎಂದರು. ಮತ್ತೆ, "ಹಿಂದ, ಹಿಂದ."

"ಹಿಂದ ಯಾವಾಗೋ ಬರ್ದಿದ್ದು ಅಂತಾರ" ಎಂದರು ಹುಲಿಗೆಮ್ಮ. "ಹಳೀದೇನ ಕೇಳಿದ್ರೂ ಹಿಂಗ ಅಂತಾರ್ರಿ. ಪಾಪ, ನೆಪ್ಪು ಎಲ್ಲೈತಿ."

ನಾವೂ ಹಾಗೇ ತಿಳಿದೆವು. ಟ್ರಂಕು, ಲೆಕ್ಕದ ಡೈರಿ, ಹಳೆಯ ಕ್ಯಾಲೆಂಡರು, ಔಷಧಿ ಚೀಟಿಗಳ ಕಟ್ಟು ಎಲ್ಲವನ್ನೂ ಮಧ್ಯಾಹ್ನದವರೆಗೆ ಹುಡುಕಿದೆವು. ಬಣ್ಣದ ಡಬ್ಬಿಗಳನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಹೊರಡುವಾಗ ಪಂಪಾಪತಿ ಎಡಗೈಯಿಂದ ನನ್ನ ಸೆರಗನ್ನೇ ಹಿಡಿದು ಎಳೆದು ಮತ್ತೆ "ಹಿಂದ" ಎಂದರು. ಅವರ ಕಣ್ಣಲ್ಲಿ ಸಿಟ್ಟಿತ್ತು. ಅದನ್ನು ನಾನು ಅಸಹಾಯಕತೆ ಎಂದುಕೊಂಡೆ. ಬಾದನಹಟ್ಟಿಯಲ್ಲಿ ಇಳಿಯುವಾಗ ಶಿಲ್ಪಾ ಅಂದಳು: "ಮಾಮ ನನ್ನ ನಂಬಿ ಬರ್ದುಕೊಟ್ಟ. ನಾನೇ ಕಳದೆ."

ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಒಂದು ತಪ್ಪು ಹೊಳೆಯಿತು. ಇಡೀ ದಿನ ನಾವು ಅವರ ಮನೆಯನ್ನು ಹುಡುಕಿದ್ದೆವೇ ಹೊರತು ಅವರನ್ನು ಸರಿಯಾಗಿ ಕೇಳಿರಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಹೇಳಲಾರದ ವಿದ್ಯಾರ್ಥಿಗೆ ಪ್ರಶ್ನೆಯನ್ನು ತುಂಡು ಮಾಡಿ ಕೇಳುತ್ತಿದ್ದವಳು ನಾನೇ. ಗುರುವಾರ ಬೆಳಿಗ್ಗೆ ಮತ್ತೆ ಕುರುಗೋಡಿಗೆ ಹೋದೆವು. ಈ ಸಲ ಹೌದು, ಅಲ್ಲ ಎಂದಷ್ಟೇ ಉತ್ತರ ಬೇಕಾಗುವ ಪ್ರಶ್ನೆಗಳನ್ನು ಕೇಳಿದೆ.

"ಆ ಪದಗಳನ್ನ ಪೆನ್ನಿನಿಂದ ಬರೆದಿರಾ?" ಅವರು ತಲೆ ಅಡ್ಡಡ್ಡ ಆಡಿಸಿದರು.

"ಸೀಮೆಸುಣ್ಣ?" ಅಲ್ಲ.

"ಬ್ರಷ್?" ತಲೆ ಮೇಲೆ ಕೆಳಗೆ ಜೋರಾಗಿ ಆಡಿತು.

ಹುಲಿಗೆಮ್ಮ ಮುಂದಕ್ಕೆ ಬಾಗಿದರು. ಫೋನು ಬಂದಾಗ ಅವರ ಕೈಯಲ್ಲಿ ಇದ್ದದ್ದು ಬ್ರಷ್ಷೇ. ಪೆನ್ನು ಹುಡುಕುವ ಗೋಜಿಗೆ ಹೋಗದೆ ಕೈಯಲ್ಲಿದ್ದುದರಿಂದಲೇ ಬರೆದಿದ್ದರು.

"ಗೋಡೆ ಮೇಲೆ?" ಅಲ್ಲ. "ಬೋರ್ಡಿನ ಮೇಲೆ?"

"ಹಿಂದ!" ಎಂದು ಪಂಪಾಪತಿ ಕೂಗಿದರು. ಎಡಗೈ ಚಾಚಿ ಅಂಗೈ ತೋರಿಸಿ, ಅದನ್ನು ಮಗುಚಿ ಕೈಯ ಹಿಂಬದಿಯನ್ನು ನನ್ನ ಮುಖದ ಹತ್ತಿರ ಹಿಡಿದರು. "ಹಿಂದ!"

ಅವರು ಯಾವಾಗ ಎಂದು ಹೇಳುತ್ತಿರಲಿಲ್ಲ, ಎಲ್ಲಿ ಎಂದು ಹೇಳುತ್ತಿದ್ದರು. ಬೋರ್ಡಿನ ಹಿಂದೆ.

"ಅಯ್ಯೋ ನನ್ ಕರ್ಮ!" ಹುಲಿಗೆಮ್ಮ ಹಣೆ ಬಡಿದುಕೊಂಡು ನಗತೊಡಗಿದರು. "ಅವಾಗ ಮನ್ಯಾಗ ಇದ್ದುದ್ದು ಅದೊಂದೇ ಬೋರ್ಡ್ರಿ. ಸಿರುಗುಪ್ಪದ ಬಾಷಾ ಸಾಬರ ಹೋಟ್ಲಿಂದು. ಇವ್ರು ದವಾಖಾನ್ಯಾಗಿದ್ದಾಗ ನಾನೇ ಟಂಟಂ ಆಟೋದಾಗ ಹಾಕಿ ಕಳಿಸೀನಿ!"

ಪಂಪಾಪತಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಎರಡು ದಿನದಿಂದ ಹೇಳುತ್ತಿದ್ದುದನ್ನು ಕೊನೆಗೂ ಯಾರೋ ಕೇಳಿಸಿಕೊಂಡಿದ್ದರು.

ಅಲ್ಲಿಂದಲೇ ಕಾರು ಸಿರುಗುಪ್ಪದ ಕಡೆ ತಿರುಗಿಸಿದೆ. ಶಿಲ್ಪಾ ಪಕ್ಕದಲ್ಲಿ ಕೂತು, ಹೋಟೆಲು ಮುಚ್ಚಿದ್ದರೆ, ಬೋರ್ಡು ತೆಗೆದು ಫ್ಲೆಕ್ಸ್ ಹಾಕಿದ್ದರೆ, ಹಿಂಬದಿಗೆ ಬಣ್ಣ ಬಳಿದಿದ್ದರೆ ಎಂದು ಒಂದೊಂದೇ ಭಯ ತೆಗೆಯುತ್ತಿದ್ದಳು. ಸುಮ್ಮನೆ ಕೂರು ಎಂದು ಗದರಿದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದೂ ಅವೇ. ಊರೊಳಗೆ ಹೊಕ್ಕು ಎರಡು ಕಡೆ ವಿಚಾರಿಸಿ ತಿರುವು ದಾಟಿದ್ದೇ ತಡ, ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳು ಕಂಡವು. ಸುತ್ತಲಿನ ಎಲ್ಲ ಬೋರ್ಡುಗಳೂ ಫ್ಲೆಕ್ಸ್ ಆಗಿದ್ದವು, ಇದೊಂದೇ ಕೈಬರಹದ್ದು. "ಐತಿ ಮೇಡಂ, ಐತಿ!" ಎಂದು ಶಿಲ್ಪಾ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದಳು.

ತಿಂಡಿಯ ಹೊತ್ತು ಮುಗಿದಿತ್ತು. ಬಾಷಾ ಸಾಬರು ಬಾಣಲೆಯಲ್ಲಿ ಉಳಿದ ಮಿರ್ಚಿ ಎತ್ತುತ್ತಿದ್ದರು. ಬೋರ್ಡು ಇಳಿಸಬೇಕು ಎಂದಾಗ ಅವರು ಸುತಾರಾಂ ಒಪ್ಪಲಿಲ್ಲ.

"ಪಂಪಾಪತಿ ಅಣ್ಣಾರ ಕೈಯಾಗಿನ ಕಡೀ ಬೋರ್ಡು ಇದು. ಇಳಸೂ ಮುಂದ ಮುಕ್ಕಾದ್ರ ಮತ್ತ ಬರಿಯಾಕ ಯಾರದಾರ? ಫ್ಲೆಕ್ಸ್ ಹಾಕಂತ ನನ್ ತಮ್ಮಗೋಳು ದಿನಾ ಅಂತಾರ, ನಾನು ಬಿಲ್‌ಕುಲ್ ಬ್ಯಾಡ ಅಂದೀನಿ."

ಶಿಲ್ಪಾ ತಾನು ಯಾರೆಂದು ಹೇಳಿದಳು. ಅವರು ಸೌಟು ಕೆಳಗಿಟ್ಟು ಕೈ ಒರೆಸಿಕೊಂಡರು. "ಅಣ್ಣಾರ ಸೊಸೀ ಏನವ್ವಾ ನೀನು? ಹಂಗಂತ ಮೊದ್ಲ ಹೇಳಬಾರ್ದಾ!" ಎಂದು ತಾವೇ ನಿಚ್ಚಣಿಕೆ ತಂದರು.

ಬೋರ್ಡು ಇಳಿಯುವಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದರು, ಇಬ್ಬರು ಆಗಲೇ ಫೋನು ಎತ್ತಿ ವಿಡಿಯೊ ತೆಗೆಯುತ್ತಿದ್ದರು. ಆಗ ನನಗೆ ಅಪಾಯ ಹೊಳೆಯಿತು. ಆ ಪದಗಳನ್ನು ಓದಿದ ಯಾರು ಬೇಕಾದರೂ ಆ ವ್ಯಾಲೆಟ್ಟಿನ ಒಡೆಯರಾಗಬಹುದಿತ್ತು. "ತಿರುಗಿಸಬೇಡಿ!" ಎಂದು ಕೂಗಿ ಹೋಟೆಲಿನ ಟೇಬಲ್ಲಿನ ಹೊದಿಕೆಯನ್ನೇ ಎಳೆದು ಬೋರ್ಡಿಗೆ ಸುತ್ತಿದೆ. ಒಳಗಿನ ಅಡುಗೆ ಕೋಣೆಗೆ ಒಯ್ದು, ಬಾಗಿಲು ಹಾಕಿಸಿ, ಹೊದಿಕೆ ಸರಿಸಿದೆವು.

ತಗಡಿನ ಹಿಂಬದಿಗೆ ನೀಲಿ ಎನಾಮಲ್ ಬಣ್ಣದಲ್ಲಿ ಹನ್ನೆರಡು ಪದಗಳು, ಆರಾರರ ಎರಡು ಸಾಲು, ಪ್ರತಿಯೊಂದಕ್ಕೂ ಅಂಕಿ. ಅವಸರದಲ್ಲಿ ಬರೆದಿದ್ದರೂ ಎಲ್ಲವೂ ಒಂದೇ ಎತ್ತರ. ಪದಗಳು ಇಂಗ್ಲಿಷಿನವು, ಲಿಪಿ ಕನ್ನಡದ್ದು. ಪಂಪಾಪತಿಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಿವಿಗೆ ಬಿದ್ದ ಹಾಗೆ ಬರೆದಿದ್ದರು. ಶಿಲ್ಪಾ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತು ಅತ್ತಳು. ಬಾಷಾ ಸಾಬರು ಗಾಬರಿಯಾಗಿ ನೀರು ತಂದುಕೊಟ್ಟರು. ನಾನು ಪದಗಳನ್ನು ಕಾಗದಕ್ಕೆ ಬರೆದುಕೊಂಡು, ಅವರ ಒಪ್ಪಿಗೆ ಪಡೆದು, ಹಿಂಬದಿಯ ನೀಲಿ ಬಣ್ಣವನ್ನು ಟರ್ಪಂಟೈನ್ ಹಾಕಿ ಉಜ್ಜಿ, ಮೇಲೆ ಅವರ ಬಳಿಯಿದ್ದ ಬಾಗಿಲಿನ ಬಣ್ಣ ಬಳಿಸಿದೆ. ಎದುರಿನ ಅಕ್ಷರಗಳಿಗೆ ಒಂದು ಗೀರೂ ಬೀಳದಂತೆ ಬೋರ್ಡು ಮತ್ತೆ ಮೇಲೇರಿತು.

ಸಂಜೆ ಐದರ ಹೊತ್ತಿಗೆ ಬಳ್ಳಾರಿಯ ನನ್ನ ಟೇಬಲ್ಲಿನ ಮುಂದೆ ಕೂತೆವು. ಇಂಟರ್ನೆಟ್ ಸಂಪರ್ಕ ತೆಗೆದ ಲ್ಯಾಪ್‌ಟಾಪಿನಲ್ಲಿ ಕೆಲಸ. ಒಂಬತ್ತು ಪದಗಳಲ್ಲಿ ಅನುಮಾನವೇ ಇರಲಿಲ್ಲ. 'ಇಸ್ಕೂಲು' ಎಂದು ಬರೆದದ್ದು ಯಾವ ಪದವೆಂದು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತೊಡಕಾದದ್ದು ಮೂರು. 'ಪೀಸ್' ಎಂದರೆ ಶಾಂತಿಯ ಪೀಸೋ, ತುಂಡಿನ ಪೀಸೋ? ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಎರಡೂ ಪಟ್ಟಿಯಲ್ಲಿವೆ. 'ರೈಟ್' ಎಂದರೆ ಸರಿಯೋ, ಬರೆಯುವುದೋ? ಅವೂ ಎರಡೂ ಇವೆ. ಮೂರನೆಯದರ ಮೊದಲ ಅಕ್ಷರದ ಮೇಲೇ ಬೋರ್ಡಿನ ಮೊಳೆ ಹೊಡೆದಿದ್ದರು, ಉಳಿದದ್ದು 'ಟರ್' ಮಾತ್ರ. ವಾಟರ್, ಲೆಟರ್, ಬಟರ್ ಹೀಗೆ ಪಟ್ಟಿಯಿಂದ ಹತ್ತು ಪದ ಹೆಕ್ಕಿದೆವು. ಎರಡು, ಎರಡು, ಹತ್ತು ಗುಣಿಸಿದರೆ ನಲವತ್ತು ಸಾಧ್ಯತೆ.

ಈ ಪದಗಳ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಹನ್ನೆರಡನೆಯ ಪದದಲ್ಲಿ ಮೊದಲಿನವನ್ನೆಲ್ಲ ತಾಳೆ ನೋಡುವ ಚೆಕ್‌ಸಮ್ ಅಡಗಿರುತ್ತದೆ, ತಪ್ಪು ಜೋಡಣೆಗಳನ್ನು ಅದು ಬಹುಪಾಲು ಅಲ್ಲೇ ತಿರಸ್ಕರಿಸುತ್ತದೆ. ನಲವತ್ತರಲ್ಲಿ ಪಾಸಾದವು ಮೂರು. ಒಂದೊಂದರಿಂದಲೂ ಹುಟ್ಟುವ ವಿಳಾಸವನ್ನು ನಲವತ್ತೊಂಬತ್ತು ಅಕ್ಷರಗಳ ಟೋಕನ್ನುಗಳು ಹುಟ್ಟಿದ ವಿಳಾಸದೊಂದಿಗೆ ಹೋಲಿಸಿದೆ. ಮೊದಲನೆಯದು ಕೂಡಲಿಲ್ಲ. ಎರಡನೆಯದು ಮೊದಲಿನಿಂದ ಕೊನೆಯವರೆಗೂ ಕೂಡಿತು. ಶಿಲ್ಪಾ ಬೆರಳಿಟ್ಟು ಮೂರು ಸಲ ಓದಿದಳು. ನಾನು ಕುರ್ಚಿಯಿಂದ ಎದ್ದು ಸುಮ್ಮನೆ ಕಿಟಕಿಯ ಬಳಿ ಹೋಗಿ ನಿಂತೆ. ಸೇವೆಯಲ್ಲಿದ್ದಾಗ ಎಷ್ಟೋ ಪರೀಕ್ಷೆಗಳ ಫಲಿತಾಂಶ ನೋಡಿದ್ದೇನೆ, ಇಷ್ಟು ಹಗುರ ಯಾವತ್ತೂ ಅನ್ನಿಸಿರಲಿಲ್ಲ.

ಮೊದಲು ಫಾಂಟ್ ತಂಡ ಕೊಟ್ಟಿದ್ದ ವಾಕ್ಯಕ್ಕೆ ಸಹಿ ಹಾಕಿದೆವು. ನಂತರ ಹೊಸ ವ್ಯಾಲೆಟ್ ಮಾಡಿ, ಇಂಟರ್ನೆಟ್ ಮತ್ತೆ ಜೋಡಿಸಿ, ಟೋಕನ್ನುಗಳನ್ನೆಲ್ಲ ಅದಕ್ಕೆ ವರ್ಗಾಯಿಸಿದೆವು. ಎರಡು ವರ್ಷ ಹೋಟೆಲಿನ ಗೋಡೆಗೆ ಮುಖ ಮಾಡಿ ನೇತಾಡಿದ ಪದಗಳನ್ನು ಇನ್ನು ನಂಬುವಂತಿರಲಿಲ್ಲ. ಅವು ಈಗ ಯಾವ ಕೆಲಸಕ್ಕೂ ಬಾರದ್ದರಿಂದಲೇ ಇಲ್ಲಿ ಕೆಲವನ್ನು ಬಾಯಿಬಿಟ್ಟು ಹೇಳಿದ್ದೇನೆ. ಟೋಕನ್ನು ಎಲ್ಲಿಗೆ ಹೋದರೂ ಹುಟ್ಟಿದ ವಿಳಾಸ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ.

ಶನಿವಾರ ಉತ್ತರ ಬಂತು. ಸಹಿ ಸರಿಯಿದೆ, ಆದರೂ ಒಮ್ಮೆ ಬಂದು ಹೋಗುತ್ತೇವೆ ಎಂದಿದ್ದರು. ಅವರು ಹಾಗೆ ಬರೆದದ್ದು ಸರಿಯಾಗಿಯೇ ಇತ್ತು. ಸಹಿಯಿಂದ ತಿಳಿಯುವುದು ಮೊದಲ ಟೋಕನ್ನು ಮಾಡಿದವರ ಕೀಲಿ ಯಾರ ಬಳಿ ಇದೆ ಎಂಬುದು. ಅಕ್ಷರವನ್ನು ಬರೆದವರು ಯಾರು ಎಂಬುದು ಅದರಿಂದ ತಿಳಿಯುವುದಿಲ್ಲ. ಕೃತಿಯ ಹಕ್ಕು ಹುಟ್ಟುವುದು ಬರೆಯುವುದರಿಂದ, ಟೋಕನ್ ಮಾಡುವುದರಿಂದಲ್ಲ. ಮುಂದಿನ ವಾರ ತಂಡದ ಇಬ್ಬರು ಬಂದು ಎರಡು ದಿನ ಕುರುಗೋಡು, ಸಿರುಗುಪ್ಪದ ಬೀದಿಗಳಲ್ಲಿ ಅಡ್ಡಾಡಿದರು. ಹಳೆಯ ಗೋಡೆ, ಹಳೆಯ ಬೋರ್ಡು ಕಂಡಲ್ಲೆಲ್ಲ "ಇದು ಯಾರು ಬರೆದದ್ದು?" ಎಂದು ಕೇಳಿದರು. ಗಿರಣಿಯ ಹಮಾಲರಿಂದ ಹಿಡಿದು ಲಾರಿ ಚಾಲಕರವರೆಗೆ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು. ಪತ್ರ ಬರೆದಿದ್ದ ಆ ಇನ್ನೊಬ್ಬ ಸಹಿಯನ್ನೂ ಕಳಿಸಲಿಲ್ಲ, ಮತ್ತೆ ಪತ್ರವನ್ನೂ ಬರೆಯಲಿಲ್ಲ. ಅವನು ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ.

ಒಪ್ಪಂದದ ದಿನ ನಾನೂ ಕುರುಗೋಡಿನಲ್ಲಿದ್ದೆ. ಫಾಂಟಿಗೆ ಪಂಪಾಪತಿಯವರದೇ ಹೆಸರು, ಹಕ್ಕು ಅವರದು, ಬಳಸಲು ಅನುಮತಿ ಮಾತ್ರ ತಂಡಕ್ಕೆ. ಒಂದೊಂದು ಷರತ್ತನ್ನೂ ಅವರಿಗೆ ಓದಿ ಹೇಳಿದೆವು, ಅವರು ಪ್ರತಿಯೊಂದಕ್ಕೂ ಬೆರಳೆತ್ತಿ ಯೋಚಿಸಿ ತಲೆಯಾಡಿಸಿದರು. ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಮ್ಮಾರ, ಒಂದ್ ಮಾತು ಕೇಳ್ತೀನಿ. ಅ, ಆ, ಇ, ಈ ಎಲ್ಲಾರೂ ಬರೀತಾರ. ಅವು ಇವ್ರವು ಹೆಂಗಾದ್ವು? ನಾಳಿ ಸಾಲ್ಯಾಗ ಹುಡುಗ್ರು ಬರ್ದ್ರ ಇವ್ರನ್ನ ಕೇಳ್ಬೇಕೇನು?"

"ಇಲ್ಲಮ್ಮ, ಅಕ್ಷರ ಎಲ್ಲರವು. ಅವು ಇವರ ಕೈಯಲ್ಲಿ ತಗೊಂಡ ಆಕಾರ ಮಾತ್ರ ಇವರದು" ಎಂದೆ.

ಅವರು ಗಂಡನ ಕಡೆ ನೋಡಿ, "ಹಂಗಾರ ಸರಿ" ಎಂದರು. "ಹುಡುಗ್ರು ಬರೀಲಿ."

ಆ ಪ್ರಕರಣದ ಮೇಲೆ ನನ್ನ ಕೆಲಸದ ರೀತಿ ಬದಲಾಗಿದೆ. ಯಾರಾದರೂ ಕೆಟ್ಟ ಫೋನು ಹಿಡಿದು ಬಂದರೆ ಮೊದಲು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. ಎದುರಿಗೆ ಕೂರಿಸಿ, ಇದರ ಸಂಗತಿ ನಿಮ್ಮನ್ನು ಬಿಟ್ಟು ಇನ್ನಾರಿಗೆ ಗೊತ್ತು ಎಂದು ಕೇಳುತ್ತೇನೆ. ಅವರು ಹೇಳಿದವರ ಮನೆಗೆ ಹೋಗಿ, ಅವರ ಮಾತು ಮುಗಿಯುವವರೆಗೆ ಕಾಯುತ್ತೇನೆ. ಡಿಜಿಟಲ್ ವಸ್ತು ನಮ್ಮದು ಎನ್ನುವುದು ಕೀಲಿಯಿಂದ, ದಾಖಲೆಯಿಂದ ಸಾಬೀತಾಗಬಹುದು. ಆದರೆ ಆ ಕೀಲಿ ಎಲ್ಲಿದೆ ಎಂದು ನೆನಪಿಟ್ಟುಕೊಂಡವರು, ಆ ಕೆಲಸ ಮಾಡಿದ್ದು ಇವರೇ ಎಂದು ಹೇಳುವವರು ಮನುಷ್ಯರೇ ಆಗಿರುತ್ತಾರೆ. ಕೇಳುವ ತಾಳ್ಮೆ ಇದ್ದರೆ ಅವರು ಹೇಳುತ್ತಾರೆ.